ಮೂರು ವರ್ಷ ತುಂಬುತ್ತಿರುವ ಟರ್ಬೊ ಕಾರಿಗೆ ವಿಸ್ತರಿತ ವಾರಂಟಿ: ಕೊಡಗಿನವರ ಅನುಭವಗಳು

ಸಿದ್ದಾಪುರದ ಬಳಿಯ ಬೆಳೆಗಾರರೊಬ್ಬರ ಪ್ರಶ್ನೆ

ನಮ್ಮದು ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಮತ್ತು ಎರಡು ಕ್ಲಚ್‌ಗಳ ಸ್ವಯಂಚಾಲಿತ ಗೇರ್‌ಬಾಕ್ಸ್ ಇರುವ, ಇನ್ನೂರೈವತ್ತಕ್ಕೆ ಹತ್ತಿರದ ಅಶ್ವಶಕ್ತಿಯ ಕಾರು. ಮೂರು ವರ್ಷದ ಮೂಲ ವಾರಂಟಿ ಇನ್ನು ಏಳು ವಾರಗಳಲ್ಲಿ ಮುಗಿಯುತ್ತದೆ. ಇದುವರೆಗೆ ಓಡಿರುವುದು 31,000 ಕಿ.ಮೀ. ಮತ್ತೆರಡು ವರ್ಷಕ್ಕೆ ವಿಸ್ತರಿಸಲು ಶೋರೂಮಿನವರು ತೆರಿಗೆ ಸೇರಿ 1,42,000 ರೂಪಾಯಿ ಹೇಳಿದ್ದಾರೆ. ಕಾರು ಒಂದು ದಿನವೂ ಕೈಕೊಟ್ಟಿಲ್ಲ. ಕೆಡದ ಕಾರಿಗೆ ಅಷ್ಟು ಹಣ ಸುರಿಯುವ ಬದಲು ಕಾಫಿ ಹೂವಿಗೆ ಬೇಕಾದ ಹೂಮಳೆ ತಪ್ಪಿದ ವರ್ಷಕ್ಕೆಂದು ತೋಟಕ್ಕೆ ಇನ್ನೊಂದು ಪಂಪ್‌ಸೆಟ್ ಹಾಕಿಸಬಹುದಲ್ಲ ಎಂಬುದು ತಂದೆಯವರ ವಾದ. ಗೋಣಿಕೊಪ್ಪಲಿನ ಕಡೆ ಮಣ್ಣಿನ ಹಾದಿಯಲ್ಲಿ ನಡೆಯುವ ಕಾರು ಸ್ಪರ್ಧೆಯಾದ ಆಟೋಕ್ರಾಸ್‌ನಲ್ಲಿ ಒಮ್ಮೆ ಇದನ್ನು ಓಡಿಸಬೇಕೆಂಬ ಆಸೆ ನನ್ನದು. ಇಂಥ ಕಾರನ್ನು ಮೂರು ವರ್ಷ ಮೀರಿ ಇಟ್ಟುಕೊಂಡವರು, ವಾರಂಟಿ ಕೊಂಡವರಾಗಲಿ ಬಿಟ್ಟವರಾಗಲಿ, ತಮ್ಮ ಅನುಭವವನ್ನು ತಿಳಿಸಬೇಕೆಂದು ಕೋರುತ್ತೇನೆ.

ಗೋಣಿಕೊಪ್ಪಲಿನಿಂದ

ನಾನು ಕೊಂಡೆ, ಅದನ್ನು ಬಳಸುವ ಸಂದರ್ಭವೂ ಬಂತು. ತಮ್ಮ ಕಾರಿನಂಥದೇ ರಚನೆಯ ಕಾರಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾಲ್ಕನೆಯ ವರ್ಷದ ಫೆಬ್ರವರಿಯಲ್ಲಿ, ರೋಬಸ್ಟಾ ಕೊಯ್ಲು ಮುಗಿಸಿ ಹುಣಸೂರಿಗೆ ಹೋಗಿ ಹಿಂತಿರುಗುತ್ತಿದ್ದಾಗ, ಆನೆಚೌಕೂರು ದಾಟಿದ ಮೇಲೆ ಗೇರ್‌ಬಾಕ್ಸ್‌ನ ದೀಪ ಹೊತ್ತಿಕೊಂಡಿತು. ಕಾರು ನಿಲ್ಲಲಿಲ್ಲ, ಆದರೆ ಒಂದರಿಂದ ನೇರವಾಗಿ ಮೂರಕ್ಕೆ, ಮೂರರಿಂದ ಐದಕ್ಕೆ ಹಾರತೊಡಗಿತು. ಕಾಡಿನ ದಾರಿಯಲ್ಲಿ ನಿಲ್ಲಿಸುವ ಧೈರ್ಯವಿಲ್ಲದೆ ಹಾಗೆಯೇ ಮನೆ ಮುಟ್ಟಿಸಿದೆ. ಶೆಡ್ಡಿಗೆ ಹಿಂದಕ್ಕೆ ಹಾಕಲು ಹೋದಾಗ ಹಿಂಬದಿಯ ಗೇರೂ ಇಲ್ಲವೆಂದು ತಿಳಿಯಿತು. ಬೆಸಸಂಖ್ಯೆಯ ಗೇರುಗಳನ್ನು ಒಂದು ಕ್ಲಚ್ ನೋಡಿಕೊಂಡರೆ, ಸಮಸಂಖ್ಯೆಯವನ್ನು ಇನ್ನೊಂದು ನೋಡಿಕೊಳ್ಳುತ್ತದೆ. ನನ್ನ ಗೇರ್‌ಬಾಕ್ಸ್‌ನಲ್ಲಿ ಹಿಂಬದಿಯ ಗೇರು ಆ ಎರಡನೆಯ ಗುಂಪಿಗೆ ಸೇರಿತ್ತು. ಕೆಟ್ಟದ್ದು ಕ್ಲಚ್‌ಗಳನ್ನು ಆಯಿಲ್ ಒತ್ತಡದಿಂದ ಆಡಿಸುವ, ಎಲೆಕ್ಟ್ರಾನಿಕ್ಸ್ ಮತ್ತು ವಾಲ್ವುಗಳೆರಡೂ ಒಂದೇ ಪೆಟ್ಟಿಗೆಯಲ್ಲಿರುವ ಘಟಕ. ಅದನ್ನು ಬಿಚ್ಚಿ ಸರಿಪಡಿಸುವ ಪದ್ಧತಿ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಇರಲಿಲ್ಲ; ಇಡಿಯಾಗಿಯೇ ಬದಲಿಸಬೇಕಿತ್ತು. ಅಂದಾಜು ಪಟ್ಟಿ 2,86,000 ರೂಪಾಯಿಯದು.

ವಾರಂಟಿ ಆ ಘಟಕವನ್ನೂ ಕೂಲಿಯನ್ನೂ ಭರಿಸಿತು. ಕ್ಲಚ್ ತಟ್ಟೆಗಳು ಸವೆಯುವ ವಸ್ತುವೆಂದೂ ಗೇರ್ ಆಯಿಲ್ ಖರ್ಚಾಗುವ ವಸ್ತುವೆಂದೂ ಹೇಳಿ ಅವೆರಡರ ಹಣವನ್ನು ನನ್ನಿಂದಲೇ ಪಡೆದರು. ಆ ಬಿಲ್ಲು 38,000 ಆಯಿತು. ಬಿಡಿಭಾಗ ಬರಲು 19 ದಿನ ಹಿಡಿಯಿತು. ಆ ದಿನಗಳಿಗೆ ಬದಲಿ ಕಾರು ಕೊಡುವ ಮಾತು ಕರಾರಿನಲ್ಲಿ ಎಲ್ಲಿಯೂ ಇರಲಿಲ್ಲ. ಮೈಸೂರಿಗೆ ಕಾರು ಸಾಗಿಸಿದ ಖರ್ಚಿನಲ್ಲಿ ಮೊದಲ 50 ಕಿ.ಮೀ. ಮಾತ್ರ ಅವರದು, ಉಳಿದದ್ದು ನನ್ನದು. ತಾವು ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ದಾರಿಯಲ್ಲಿ ಕಾರು ನಿಂತರೆ ಎಷ್ಟು ದೂರದವರೆಗೆ ಹೊತ್ತೊಯ್ಯುತ್ತೀರಿ, ಚಕ್ರಗಳನ್ನು ನೆಲಕ್ಕೆ ತಾಗಿಸದೆ ಪೂರ್ತಿ ಎತ್ತಿಕೊಂಡು ಹೋಗುವ ಲಾರಿ ಕಳುಹಿಸುತ್ತೀರಾ? ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಮಂಗಳೂರಿಗೆ ಅದಕ್ಕಿಂತ ಹೆಚ್ಚು. ನಗರದವರಿಗಾಗಿ ಬರೆದ ಕರಾರಿನ ಮಿತಿ ನಮ್ಮನ್ನು ಮೈಸೂರಿನವರೆಗೂ ಮುಟ್ಟಿಸುವುದಿಲ್ಲ.

ಕಾರು ಮೂರು ವರ್ಷ ಕೆಡಲಿಲ್ಲ ಎಂಬುದರಿಂದ ತಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸಾಮಾನ್ಯ ಸಣ್ಣ ಕಾರಿನಲ್ಲಿ ಕೆಡುವ ವಸ್ತು ಯಾವುದೇ ಇರಲಿ, ಊರಿನಲ್ಲೇ ಬಿಚ್ಚಿ, ಬೇರೆ ಕಂಪನಿಯ ಬಿಡಿಭಾಗ ಹಾಕಿಸಿ ಓಡಿಸಬಹುದು; ಅಂಥ ಕಾರಿಗೆ ನಾನು ಎಂದೂ ವಾರಂಟಿ ವಿಸ್ತರಿಸಿದವನಲ್ಲ. ಈ ಬಗೆಯ ಕಾರುಗಳಲ್ಲಿ ಟರ್ಬೊ, ಹೆಚ್ಚಿನ ಒತ್ತಡದ ಇಂಧನ ಪಂಪು, ಗೇರ್‌ಬಾಕ್ಸ್‌ನ ನಿಯಂತ್ರಣ ಘಟಕ, ವಿದ್ಯುತ್‌ಚಾಲಿತ ಸ್ಟಿಯರಿಂಗ್ ರ‍್ಯಾಕ್, ಎಲೆಕ್ಟ್ರಾನಿಕ್ ಶಾಕ್ ಅಬ್ಸಾರ್ಬರ್ ಇವೆಲ್ಲ ಇಡಿಯಾಗಿ ಮಾರಾಟವಾಗುವ ವಸ್ತುಗಳು. ಐದರಲ್ಲಿ ದುಬಾರಿಯಾದ ಒಂದು ಕೆಟ್ಟರೂ ತಾವು ಕಟ್ಟುವ ಮೊತ್ತಕ್ಕಿಂತ ರಿಪೇರಿಯ ಖರ್ಚೇ ಹೆಚ್ಚಾಗಬಹುದು. ಒಂದೂ ಕೆಡದಿದ್ದರೆ ಹಣ ಹೋಯಿತು. ಹಾಗಾಗಿ ಕರಾರಿನಲ್ಲಿ ಈ ಐದರ ಹೆಸರುಗಳಿವೆಯೇ ಎಂದು ಹುಡುಕಿರಿ. ಇದ್ದರೆ, ಇನ್ನೂ ಎರಡು ವರ್ಷ ಈ ಕಾರನ್ನೇ ಇಟ್ಟುಕೊಳ್ಳುವುದಾದರೆ, ಕೊಳ್ಳಿರಿ.

ಇನ್ನೊಂದು ಮಾತು. ಶೋರೂಮಿನ ಮೇಜಿನ ಮೇಲೆ ಇಡುವ ಕಾಗದಗಳೆಲ್ಲ ಕಾರು ತಯಾರಿಸಿದ ಕಂಪನಿಯವೇ ಆಗಿರಬೇಕೆಂದಿಲ್ಲ. ಕೆಲವು ಮಾರಾಟಗಾರರು ಬೇರೊಂದು ಸಂಸ್ಥೆಯ ಯೋಜನೆಯನ್ನು ಅದೇ ಹೆಸರಿನಲ್ಲಿ ತೋರಿಸುತ್ತಾರೆ. ಅದರಲ್ಲಿ ಪ್ರತಿ ರಿಪೇರಿಗೂ ಮೊತ್ತದ ಮಿತಿ ಇರುವುದುಂಟು, ಮಾರಾಟಗಾರರ ಊರಿನ ಹೊರಗೆ ನಡೆಯದಿರುವುದೂ ಉಂಟು. ರಸೀದಿಯಲ್ಲಿ ಯಾರ ಹೆಸರಿದೆ, ದೇಶದ ಯಾವುದೇ ಅಧಿಕೃತ ಕೇಂದ್ರದಲ್ಲಿ ನಡೆಯುತ್ತದೆಯೇ ಎಂಬುದನ್ನು ನೋಡದೆ ಹಣ ಕಟ್ಟಬೇಡಿ.

ಮಡಿಕೇರಿಯಿಂದ

ಗೋಣಿಕೊಪ್ಪಲಿನವರು ಬರೆದದ್ದೆಲ್ಲ ಸರಿ. ಆದರೆ ಅವರ ಹಣ ಕೈಸೇರಿದ್ದು ಅವರ ಸರ್ವಿಸ್ ಪುಸ್ತಕ ಸರಿಯಾಗಿದ್ದುದರಿಂದ ಎಂಬುದನ್ನು ಅವರು ಹೇಳಲಿಲ್ಲ. ನನ್ನ ಪುಸ್ತಕ ಸರಿಯಿರಲಿಲ್ಲ.

2018ರ ಆಗಸ್ಟ್‌ನಲ್ಲಿ ನನ್ನ ಕಾರಿನ ವಾರ್ಷಿಕ ಸರ್ವಿಸ್ ಬರಬೇಕಿತ್ತು. ನಾನು ಹೋಗುತ್ತಿದ್ದುದು ಮಂಗಳೂರಿಗೆ. ಆ ತಿಂಗಳ ಮಳೆಯಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡಗಳೇ ಜಾರಿ ಸಂಪಾಜೆಯ ರಸ್ತೆ ಮುಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಕಾರಿನ ಸರ್ವಿಸ್ ಆಗ ಯಾರ ತಲೆಯಲ್ಲಿದ್ದೀತು? ರಸ್ತೆ ತೆರೆದು, ಕುಸಿದ ತೋಟದ ಕೆಲಸವೂ ಒಂದು ಹದಕ್ಕೆ ಬಂದ ಮೇಲೆ, ನವೆಂಬರ್ ಕೊನೆಯಲ್ಲಿ ಕಾರನ್ನು ಒಯ್ದೆ. ಮುಂದಿನ ವರ್ಷ ಟರ್ಬೊದ ಆಯಿಲ್ ಸೀಲು ಹೋಗಿ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರತೊಡಗಿದಾಗ, ಎಂಜಿನ್ ಆಯಿಲ್ ಬದಲಿಸುವ ಅವಧಿ ಮೂರು ತಿಂಗಳು ಮೀರಿದೆ ಎಂಬ ಒಂದೇ ಸಾಲಿನ ಕಾರಣ ಕೊಟ್ಟು ಅರ್ಜಿಯನ್ನು ತಿರಸ್ಕರಿಸಿದರು. ರಸ್ತೆ ಮುಚ್ಚಿದ ಸುದ್ದಿಯ ಪತ್ರಿಕೆಗಳ ತುಣುಕುಗಳನ್ನು ಲಗತ್ತಿಸಿ ಕಂಪನಿಯ ಮುಖ್ಯ ಕಚೇರಿಗೆ ಎರಡು ಪತ್ರ ಬರೆದ ಮೇಲೆ ಅರ್ಧ ಖರ್ಚು ಭರಿಸಲು ಒಪ್ಪಿದರು. ಅದೂ ಸೌಜನ್ಯಕ್ಕಾಗಿ, ವಾರಂಟಿಯ ಹಕ್ಕಿನಿಂದಲ್ಲ ಎಂದು ಬರೆದುಕೊಟ್ಟರು.

ತಮ್ಮ ಓಟ ಮೂರು ವರ್ಷಕ್ಕೆ 31,000 ಎಂದರೆ ವರ್ಷಕ್ಕೆ ಹತ್ತು ಸಾವಿರ ಚಿಲ್ಲರೆ. ಸರ್ವಿಸ್ ಅವಧಿ ಒಂದು ವರ್ಷ ಅಥವಾ 15,000 ಕಿ.ಮೀ., ಯಾವುದು ಮೊದಲೋ ಅದು ಎಂದು ಬರೆದಿದ್ದರೆ, ತಮಗೆ ಲೆಕ್ಕಕ್ಕೆ ಬರುವುದು ತಾರೀಖೇ ಹೊರತು ಮೀಟರಲ್ಲ. ಮೀಟರ್ ನೋಡಿಕೊಂಡು ಕುಳಿತವರೇ ನಮ್ಮಲ್ಲಿ ಹೆಚ್ಚು. ತಾರೀಖು ಮಳೆಗಾಲಕ್ಕೆ ಬೀಳುವುದಾದರೆ ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಮೊದಲೇ ಮಾಡಿಸಿದರೆ ಯಾರೂ ಆಕ್ಷೇಪಿಸುವುದಿಲ್ಲ. ರಸ್ತೆಯೇ ಮುಚ್ಚಿದರೆ ಅಂದೇ ಸರ್ವಿಸ್ ಕೇಂದ್ರಕ್ಕೆ ಒಂದು ಇಮೇಲ್ ಕಳುಹಿಸಿರಿ. ನಾನು ಕಳುಹಿಸಿರಲಿಲ್ಲ.

ಸೋಮವಾರಪೇಟೆಯಿಂದ

ನಾನು ಕೊಳ್ಳಲಿಲ್ಲ. ಅಷ್ಟೇ ಮೊತ್ತವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಠೇವಣಿ ಇಟ್ಟು, ಕಾರಿಗಲ್ಲದೆ ಬೇರೆ ಯಾವುದಕ್ಕೂ ಮುಟ್ಟುವುದಿಲ್ಲವೆಂದು ಮನೆಯಲ್ಲಿ ಹೇಳಿದೆ. ಐದನೆಯ ವರ್ಷ ಕಾರು ಮಾರುವವರೆಗೆ ಅದರಿಂದ ತೆಗೆದದ್ದು ಎಂಜಿನ್ ತಂಪಾಗಿಸುವ ದ್ರವವಾದ ಕೂಲಂಟ್ ಸೋರುತ್ತಿದ್ದ ಕಾರಿನ ನೀರಿನ ಪಂಪಿಗೆ 34,000 ಮಾತ್ರ. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಮಾರುವಾಗ ಕೊಳ್ಳುವವರೆಲ್ಲ ಕೇಳಿದ ಮೊದಲ ಪ್ರಶ್ನೆ ವಾರಂಟಿ ಉಳಿದಿದೆಯೇ ಎಂಬುದೇ ಆಗಿತ್ತು, ಇಲ್ಲವೆಂದಾಗ ಕೆಲವರು ಮತ್ತೆ ಕರೆ ಮಾಡಲಿಲ್ಲ. ಉಳಿಸಿದ ಹಣದಲ್ಲಿ ಒಂದು ಪಾಲು ಅಲ್ಲಿ ಹೋಯಿತು ಎಂದೇ ನನ್ನ ಅಂದಾಜು. ಹೊಸ ಮಾಲೀಕರಿಗೆ ವರ್ಗಾಯಿಸಲು ಬರುತ್ತದೆಯೇ, ಅದಕ್ಕೆ ಶುಲ್ಕವೆಷ್ಟು ಎಂದು ತಾವು ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಕುಶಾಲನಗರದ ಗ್ಯಾರೇಜಿನಿಂದ

ನಾನು ಅಧಿಕೃತ ಕೇಂದ್ರದವನಲ್ಲ. ವಾರಂಟಿ ಮುಗಿದ ಕಾರುಗಳು ನನ್ನ ಬಳಿಗೆ ಬರುತ್ತವೆ. ಆದ್ದರಿಂದ ವಾರಂಟಿ ಕೊಳ್ಳಿರಿ ಎಂದು ಹೇಳಿದರೆ ನನಗೇ ನಷ್ಟ. ಆದರೂ ಹೇಳುತ್ತೇನೆ.

ತಂದೆಯವರು ಒಪ್ಪಲಿ, ಬಿಡಲಿ, ಈ ಏಳು ವಾರಗಳಲ್ಲಿ ಒಂದು ಕೆಲಸ ತಪ್ಪಿಸಬೇಡಿ. ಕಾರನ್ನು ಒಯ್ದು ಮೂಲ ವಾರಂಟಿ ಮುಗಿಯುವ ಮುನ್ನಿನ ಪೂರ್ಣ ತಪಾಸಣೆ ಮಾಡಿಸಿ, ವರದಿಯನ್ನು ಕಾಗದದ ಮೇಲೆ ಪಡೆಯಿರಿ. ಅಡಿಭಾಗದ ಕವಚ ಬಿಚ್ಚಿ ಆಯಿಲ್ ಜಿನುಗು, ಕೂಲಂಟ್ ಕಲೆ, ಸ್ಟಿಯರಿಂಗ್ ಬೂಟು, ಶಾಕ್ ಅಬ್ಸಾರ್ಬರ್ ಸೋರಿಕೆ ಎಲ್ಲವನ್ನೂ ನೋಡಲಿ. ಇಂದು ಸಿಕ್ಕ ದೋಷ ಮೂಲ ವಾರಂಟಿಯಲ್ಲಿಯೇ ಉಚಿತವಾಗಿ ಸರಿಯಾಗುತ್ತದೆ. ಎರಡು ತಿಂಗಳ ನಂತರ ಸಿಕ್ಕರೆ, ಮೊದಲೇ ಇದ್ದ ದೋಷವೆಂದು ವಿಸ್ತರಿತ ವಾರಂಟಿಯವರು ಕೈತೊಳೆದುಕೊಳ್ಳಲು ದಾರಿಯಾಗುತ್ತದೆ. ವಿಸ್ತರಣೆಯನ್ನೂ ಮೂಲ ಅವಧಿ ಜೀವಂತವಿರುವಾಗಲೇ ಕೊಳ್ಳಬೇಕು. ಮುಗಿದ ಮೇಲೆ ಕೆಲವರು ಕೊಡುವುದೇ ಇಲ್ಲ, ಕೊಡುವವರು ತಪಾಸಣೆ ಮಾಡಿ ಹೆಚ್ಚು ಹಣ ಕೇಳುತ್ತಾರೆ.

ನಮ್ಮ ಕಡೆಯ ಕಾರುಗಳು ಕೆಡುವ ಬಗೆಯೇ ಬೇರೆ, ಅದರಲ್ಲಿ ಬಹುಪಾಲು ವಾರಂಟಿಗೆ ಸೇರುವುದಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ಬಾನೆಟ್ಟಿನೊಳಗೆ ಇಲಿ ಗೂಡು ಕಟ್ಟಿ ವೈರು ಕಡಿಯುವುದು ನಾನು ವರ್ಷವೂ ನೋಡುವ ಕೆಲಸ. ಅದಕ್ಕೆ ವಿಮೆಯವರನ್ನು ಕೇಳಬೇಕೇ ಹೊರತು ವಾರಂಟಿಯವರನ್ನಲ್ಲ. ನಿಂತ ನೀರಿಗೆ ನುಗ್ಗಿಸಿ ಎಂಜಿನ್ ನೀರು ಎಳೆದುಕೊಂಡರೆ, ವಿಮೆಯಲ್ಲಿ ಎಂಜಿನ್ ರಕ್ಷಣೆಯ ಹೆಚ್ಚುವರಿ ಭಾಗ ಕೊಂಡಿದ್ದರೆ ಮಾತ್ರ ಉಳಿವು. ತೆಳು ಟಯರಿನ ಕಾರು ಗುಂಡಿಗೆ ಬಿದ್ದು ಬಾಗಿದ ಅಲಾಯ್ ಚಕ್ರ, ಸವೆದ ಬುಷ್, ತುಕ್ಕು ಹಿಡಿದ ಬ್ರೇಕ್ ಡಿಸ್ಕ್, ಸತ್ತ ಬ್ಯಾಟರಿ ಇವು ಯಾವುವೂ ಕರಾರಿಗೆ ಸೇರವು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಸಿಂಪಡಿಸುವ ಎಂಜಿನ್‌ಗಳಲ್ಲಿ ಒಳಹರಿವಿನ ವಾಲ್ವುಗಳನ್ನು ಪೆಟ್ರೋಲ್ ತೊಳೆಯುವುದೇ ಇಲ್ಲವಾದ್ದರಿಂದ ಅವುಗಳ ಮೇಲೆ ಮಸಿ ಕಟ್ಟುತ್ತದೆ. ಅದನ್ನು ತೆಗೆಸುವುದೂ ಸಾಮಾನ್ಯವಾಗಿ ಮಾಲೀಕರ ಖರ್ಚು.

ಸೇರಬೇಕಾದದ್ದೂ ಕೈತಪ್ಪುವ ಬಗೆ ಒಂದಿದೆ. ಪ್ಲಾಸ್ಟಿಕ್ ಥರ್ಮೋಸ್ಟಾಟ್ ಕವಚ ಬಿರುಕುಬಿಟ್ಟು ಕೂಲಂಟ್ ಸೋರಿದರೆ ವಾರಂಟಿ ಅದನ್ನು ಬದಲಿಸಿಕೊಡುತ್ತದೆ. ಕೆಂಪು ದೀಪ ಹೊತ್ತಿದ ಮೇಲೂ, ಇನ್ನೇನು ಮನೆ ಬಂತು ಎಂದು ಘಟ್ಟ ಹತ್ತಿಸಿ ಎಂಜಿನ್ ಕಾಯಿಸಿದರೆ, ಆ ಎಂಜಿನ್ನಿಗೆ ಯಾರೂ ಹೊಣೆಯಲ್ಲ. ದೀಪ ಹೊತ್ತಿದ ಕ್ಷಣ ಮೀಟರ್ ಸಹಿತ ಫೋಟೋ ತೆಗೆದು ಕಾರು ನಿಲ್ಲಿಸಿರಿ.

ಎಂಜಿನ್ನಿನ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿ, ಅಂದರೆ ಹೆಚ್ಚು ಶಕ್ತಿಗಾಗಿ ಅದರ ತಂತ್ರಾಂಶ ಬದಲಿಸಿ, ಸರ್ವಿಸ್‌ಗೆ ಮುನ್ನ ಮೊದಲಿನಂತೆ ಮಾಡಿದರೆ ತಿಳಿಯುವುದಿಲ್ಲ ಎಂದು ಹೇಳುವವರಿದ್ದಾರೆ. ಎಷ್ಟು ಸಲ ಬರೆಯಲಾಗಿದೆ ಎಂಬ ಎಣಿಕೆಯನ್ನು ಇಟ್ಟುಕೊಳ್ಳುವ ಕಂಪ್ಯೂಟರ್‌ಗಳು ಬಹಳ ಇವೆ, ತಿಳಿಯುತ್ತದೆ. ಇನ್ನು ಆಟೋಕ್ರಾಸ್: ಸ್ಪರ್ಧೆಯಲ್ಲಿ ಓಡಿಸಿದ ಕಾರಿಗೆ ವಾರಂಟಿ ಇಲ್ಲವೆಂಬ ಸಾಲು ಇಲ್ಲದ ಕರಾರನ್ನು ನಾನು ಕಂಡಿಲ್ಲ. ಕಾರಿಗೆ ಅಂಟಿಸಿದ ಸ್ಪರ್ಧಾ ಸಂಖ್ಯೆಯ ಚಿತ್ರವನ್ನು ತಾವೇ ಎಲ್ಲರಿಗೂ ಹಂಚುತ್ತೀರಿ, ವಾರಂಟಿಯವರಿಗೂ ಫೋನ್ ಇರುತ್ತದೆ. ರೀಮ್ಯಾಪ್ ಅಥವಾ ಸ್ಪರ್ಧೆ ಎರಡರಲ್ಲಿ ಒಂದನ್ನು ಮಾಡಿಯೇ ತೀರುವುದಾದರೆ 1,42,000 ರೂಪಾಯಿಯನ್ನು ತಂದೆಯವರ ಪಂಪ್‌ಸೆಟ್ಟಿಗೇ ಕೊಡಿ.

ಮತ್ತೊಂದು ಚಿಕ್ಕ ವಿಷಯ. ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್‌ಗಳ ಹಲವು ಗೇರ್‌ಬಾಕ್ಸ್‌ಗಳಿಗೆ 60,000 ಕಿ.ಮೀ.ಗೆ ಆಯಿಲ್ ಬದಲಾವಣೆ ಇರುತ್ತದೆ. ತಮ್ಮ ಓಟದಲ್ಲಿ ಎರಡು ವರ್ಷದೊಳಗೆ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ತಮ್ಮ ಕೈಪಿಡಿಯಲ್ಲಿ ವರ್ಷದ ಲೆಕ್ಕವೂ ಇದೆಯೇ ಎಂದು ನೋಡಿರಿ.

ವಿರಾಜಪೇಟೆಯ ವಕೀಲರೊಬ್ಬರಿಂದ

ತಿರಸ್ಕಾರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಂಡು ಬರಬೇಡಿ. ಕರಾರಿನ ಯಾವ ಷರತ್ತಿನ ಪ್ರಕಾರ ಎಂಬುದನ್ನು ಬರಹದಲ್ಲಿ ಕೇಳಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕಾರು ಕೊಂಡದ್ದು ಬೆಂಗಳೂರಿನಲ್ಲಾದರೂ ಮಡಿಕೇರಿಯಲ್ಲಿಯೇ ನಡೆಸಬಹುದು. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಕೊಟ್ಟ ಪ್ರತಿಫಲ, ಅಂದರೆ ಪಾವತಿಸಿದ ಹಣ, ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಿ ನೋಡಬಹುದು.

ಆದರೆ ನಮ್ಮ ಜಿಲ್ಲೆಯಲ್ಲಿ ಒಂದು ತೊಡಕು ಮತ್ತೆ ಮತ್ತೆ ಎದುರಾಗುತ್ತದೆ. ತೆರಿಗೆಯ ಅನುಕೂಲಕ್ಕಾಗಿ ಕಾರನ್ನು ತೋಟದ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ಕೊಂಡಿರುತ್ತಾರೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ಗ್ರಾಹಕರೆಂದು ಪರಿಗಣಿಸುವುದಿಲ್ಲವಾದ್ದರಿಂದ, ಎದುರಾಳಿಗಳು ಎತ್ತುವ ಮೊದಲ ಆಕ್ಷೇಪ ಅದೇ. ಕಾರು ಸ್ವಂತ ಓಡಾಟಕ್ಕೆ ಎಂಬುದಕ್ಕೆ ಆಧಾರ ಇಟ್ಟುಕೊಂಡಿರಬೇಕಾಗುತ್ತದೆ. ಕಾರು ಯಾರ ಹೆಸರಿನಲ್ಲಿದೆಯೋ ವಾರಂಟಿಯ ಕಾಗದವೂ ಅದೇ ಹೆಸರಿನಲ್ಲಿರಲಿ.

ಮತ್ತೆ ಸಿದ್ದಾಪುರದ ಬಳಿಯಿಂದ

ಬರೆದ ಎಲ್ಲರಿಗೂ ಕೃತಜ್ಞತೆಗಳು. ಶೋರೂಮಿನಿಂದ ಕರಾರಿನ ಪೂರ್ಣ ಪ್ರತಿ ತರಿಸಿ ಓದಿದೆ. ಮೊದಲು ಅವರು ಕೊಟ್ಟಿದ್ದು ಎರಡು ಪುಟದ ಬಣ್ಣದ ಕಾಗದ ಮಾತ್ರ. ಕೇಳಿದ ಮೇಲೆ ಬಂದದ್ದು ಹದಿನಾಲ್ಕು ಪುಟ. ವಾರಂಟಿ ಕಾರು ತಯಾರಿಸಿದ ಕಂಪನಿಯದೇ, ದೇಶದ ಎಲ್ಲ ಅಧಿಕೃತ ಕೇಂದ್ರಗಳಲ್ಲಿಯೂ ನಡೆಯುತ್ತದೆ, ಮಾರಿದರೆ ವರ್ಗಾವಣೆಯೂ ಆಗುತ್ತದೆ. ಟರ್ಬೊ, ಇಂಧನ ಪಂಪು, ಸ್ಟಿಯರಿಂಗ್ ರ‍್ಯಾಕ್, ಶಾಕ್ ಅಬ್ಸಾರ್ಬರ್ ನಾಲ್ಕರ ಹೆಸರೂ ಇವೆ. ಗೋಣಿಕೊಪ್ಪಲಿನವರು ಹೇಳಿದ ಗೇರ್‌ಬಾಕ್ಸ್‌ನ ನಿಯಂತ್ರಣ ಘಟಕದ ಹೆಸರು ಮಾತ್ರ ಎಲ್ಲಿಯೂ ಕಾಣಲಿಲ್ಲ. ಗೇರ್‌ಬಾಕ್ಸ್‌ನ ಒಳಭಾಗಗಳು ಎಂದಷ್ಟೇ ಇದೆ. ಅದು ಇದರಲ್ಲಿ ಸೇರಿದೆಯೇ ಎಂದು ಇಮೇಲ್ ಮೂಲಕ ಕೇಳಿದ್ದೇನೆ. ಸೇರಿದೆ ಎಂದು ಫೋನಿನಲ್ಲಿ ಹೇಳಿದ್ದಾರೆ, ಬರಹದಲ್ಲಿ ಬರುವವರೆಗೆ ಹಣ ಕಟ್ಟುವುದಿಲ್ಲ.

ಮುಂದಿನ ಸೋಮವಾರಕ್ಕೆ ತಪಾಸಣೆಯ ದಿನ ಗೊತ್ತಾಗಿದೆ. ಆಟೋಕ್ರಾಸ್‌ಗೆ ಚಿಕ್ಕಪ್ಪನವರ ಹಳೆಯ ಮಾರುತಿ ಜಿಪ್ಸಿಯನ್ನು ಕೇಳಿದ್ದೇನೆ. ಪಂಪ್‌ಸೆಟ್ಟಿನ ವಿಷಯ ತಂದೆಯವರೊಂದಿಗೆ ಇನ್ನೂ ಬಗೆಹರಿದಿಲ್ಲ.