ಮಯೋಗ್ಲೋಬಿನ್‌ನಲ್ಲಿ ಕಬ್ಬಿಣ ಒಂದೇ ಅಲ್ಲಾಡೋದನ್ನ ನೋಡೋಕಾಗತ್ತಾ?

ಪ್ರಶ್ನೆ:
ಬಯೋಕೆಮಿಸ್ಟ್ರಿ ಎಂಎಸ್ಸಿ ಮಾಡ್ತಿದೀನಿ. ಸ್ನಾಯುವಿನಲ್ಲಿ ಆಕ್ಸಿಜನ್ ಹಿಡಿದಿಡೋ ಪ್ರೋಟೀನ್ ಮಯೋಗ್ಲೋಬಿನ್‌ನಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಪರಮಾಣು ಇವೆ, ಅದ್ರಲ್ಲಿ ಕಬ್ಬಿಣ ಒಂದೇ ಒಂದು, ಆಕ್ಸಿಜನ್ ಹಿಡಿಯೋದೂ ಅದೇ. ಐಆರ್ (ಇನ್‌ಫ್ರಾರೆಡ್) ಸ್ಪೆಕ್ಟ್ರಮ್ ತೆಗೆದ್ರೆ ನೀರು ಪ್ರೋಟೀನ್ ಎಲ್ಲ ಸೇರಿ ಗದ್ದಲ, ರಾಮನ್‌ನಲ್ಲಿ (ಲೇಸರ್ ಬೆಳಕು ಚೆದುರೋದನ್ನ ನೋಡೋ ವಿಧಾನ) ಕಬ್ಬಿಣದ ಸುತ್ತ ಇರೋ ಹೀಮ್ ರಿಂಗ್‌ದೇ ಜೋರು. ಕಬ್ಬಿಣದ ಕಂಪನ ಮಾತ್ರ ಬೇಕು ಅಂದ್ರೆ ಎನ್‌ಆರ್‌ವಿಎಸ್ (ನ್ಯೂಕ್ಲಿಯಸ್ ಎಕ್ಸ್‌ರೇ ಹೀರೋದನ್ನ ನೋಡಿ ಕಂಪನ ಅಳೆಯೋ ವಿಧಾನ) ಮಾಡು ಅಂತಾರೆ. ಅದಕ್ಕೆ ಸಿಂಕ್ರೊಟ್ರಾನೇ (ತುಂಬಾ ಪ್ರಖರ ಎಕ್ಸ್‌ರೇ ಕೊಡೋ ದೊಡ್ಡ ಯಂತ್ರ) ಯಾಕೆ ಬೇಕು?

ಉತ್ತರ 1:
ಕಬ್ಬಿಣ-57ರ (ಕಬ್ಬಿಣದ ಒಂದು ಐಸೋಟೋಪ್) ನ್ಯೂಕ್ಲಿಯಸ್ 14.4 ಕಿಲೋ ಇವಿ (ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಎಕ್ಸ್‌ರೇಗೆ ಮಾತ್ರ ಓಗೊಡತ್ತೆ, ಆ ಗೆರೆಯ ಅಗಲ ಬರೀ ಕೆಲವು ನ್ಯಾನೋ ಇವಿ. ಈಗ ಎಕ್ಸ್‌ರೇನ ಅದಕ್ಕಿಂತ 30 ಮಿಲಿ ಇವಿ ಮೇಲಿಟ್ಟಾಗ್ಲೂ ಹೀರ್ಕೊಂಡ್ರೆ ಆ ಹೆಚ್ಚುವರಿ 30 ಹೋಗಿದ್ದು ಕಬ್ಬಿಣ ಅಲ್ಲಾಡೋಕೆ ಅಂತ ಅರ್ಥ, ಹಾಗೇ ಸ್ವಲ್ಪಸ್ವಲ್ಪ ಸರಿಸ್ತಾ ಹೋದ್ರೆ ಪೂರ್ತಿ ಸ್ಪೆಕ್ಟ್ರಮ್ ಸಿಗತ್ತೆ. ಕಾರ್ಬನ್ ನೈಟ್ರೋಜನ್ ಎಷ್ಟೇ ಕುಣೀಲಿ, ಜೊತೆಗೆ ಕಬ್ಬಿಣ ಅಲ್ಲಾಡದಿದ್ರೆ ಕಾಣಲ್ಲ.

ಒಂದು ಮಿಲಿ ಇವಿಯಷ್ಟು ಸಣ್ಣಗೆ ಸೋಸಿದ ಮೇಲೂ ಸಾಕಷ್ಟು ಫೋಟಾನ್ ಉಳೀಬೇಕು, ಅದಕ್ಕೇ ಸಿಂಕ್ರೊಟ್ರಾನ್. ಇನ್ನೊಂದು, ಅಲ್ಲಿ ಬೆಳಕು ಪಲ್ಸ್ ಪಲ್ಸಾಗಿ ಬರತ್ತೆ. ಎಲೆಕ್ಟ್ರಾನ್‌ಗಳು ಚೆದುರಿಸಿದ್ದು ಆ ಕ್ಷಣಕ್ಕೇ ಬಂದುಬಿಡತ್ತೆ, ನ್ಯೂಕ್ಲಿಯಸ್ ಮಾತ್ರ ಸುಮಾರು 100 ನ್ಯಾನೋಸೆಕೆಂಡ್ ಹಿಡ್ಕೊಂಡಿದ್ದು ಆಮೇಲೆ ಬಿಡತ್ತೆ. ಶಿಕಾಗೋ ಹತ್ರದ ಎಪಿಎಸ್ ಸಿಂಕ್ರೊಟ್ರಾನ್‌ನಲ್ಲಿ ಎರಡು ಪಲ್ಸ್ ನಡುವೆ 153 ನ್ಯಾನೋಸೆಕೆಂಡ್ ಬಿಡುವಿಟ್ಟು ಓಡಿಸ್ತಿದ್ರು, ಮೊದಲ ಮಿಂಚನ್ನ ಬಿಟ್ಟು ತಡವಾಗಿ ಬಂದಿದ್ದನ್ನ ಮಾತ್ರ ಎಣಿಸೋದು. 1995ರಲ್ಲಿ ಜಪಾನ್‌ನಲ್ಲೂ ಅಮೆರಿಕದಲ್ಲೂ ಹೀಗೆ ಮಾಡಿ ತೋರಿಸಿದ್ರು.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದ್ರೆ ಕಷ್ಟ ಇರೋದು ಸ್ಯಾಂಪಲ್‌ನಲ್ಲಿ. ಮಾಮೂಲಿ ಕಬ್ಬಿಣದಲ್ಲಿ 57 ಇರೋದು ಬರೀ 2.1%, ಹಾಗಾಗಿ ಹೀಮ್ ತೆಗೆದು 57 ಇರೋ ಹೀಮ್ ಕೂರಿಸ್ಬೇಕು, ಇಲ್ಲಾ ಬ್ಯಾಕ್ಟೀರಿಯಾಗೆ ಅದೇ ಕಬ್ಬಿಣ ಕೊಟ್ಟು ಬೆಳೆಸ್ಬೇಕು. ನಾನು ಹೋದಾಗ ಕಡಲೆಬೀಜದಷ್ಟು ಸಣ್ಣ ಕುಳಿಯೊಳಗೆ ಪ್ರೋಟೀನ್‌ನ ಕೆಂಪು ದ್ರಾವಣ ಹಾಕಿ, ಮೇಲೆ ಹಳದಿ ಕ್ಯಾಪ್ಟಾನ್ (ಒಂದು ಥರದ ಪ್ಲಾಸ್ಟಿಕ್) ಟೇಪ್ ಅಂಟಿಸಿ ಲಿಕ್ವಿಡ್ ನೈಟ್ರೋಜನ್‌ಗೆ ಬಿಟ್ಟೆ, ಒಳಗೊಂದು ಗುಳ್ಳೆ ಉಳ್ಕೊಂಡಿತ್ತು, ಅಷ್ಟಕ್ಕೇ ಸಿಗ್ನಲ್ ಅರ್ಧ ಹೋಯ್ತು. ಒಂದು ಸ್ಪೆಕ್ಟ್ರಮ್‌ಗೆ ಹಗಲು ರಾತ್ರಿ ಸ್ಕ್ಯಾನ್ ಮೇಲೆ ಸ್ಕ್ಯಾನ್ ಕೂಡಿಸ್ತಾ ಕೂರ್ಬೇಕು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್! ಕಬ್ಬಿಣಕ್ಕೂ ಪ್ರೋಟೀನ್‌ನ ಹಿಸ್ಟಿಡಿನ್ ಅಮೈನೋ ಆಮ್ಲಕ್ಕೂ ಇರೋ ಬಂಧ ರಾಮನ್‌ನಲ್ಲೇ 220 ವೇವ್‌ನಂಬರ್ (ಕಂಪನದ ಅಳತೆ) ಹತ್ರ ಕಾಣತ್ತಲ್ಲ, ಹೊಸದಾಗಿ ಏನು ಸಿಗತ್ತೆ?

ಉತ್ತರ 1:
ಕಬ್ಬಿಣ ರಿಂಗ್‌ನ ಸಮತಲದೊಳಗೇ ಆಚೀಚೆ ಓಡಾಡೋದು ರಾಮನ್‌ನಲ್ಲಿ ಸಿಗೋದೇ ಕಷ್ಟ, ಇಲ್ಲಿ ಚೆನ್ನಾಗಿ ಸಿಗತ್ತೆ. 100 ವೇವ್‌ನಂಬರ್ ಕೆಳಗೆ ಹೀಮ್ ಬಟ್ಟಲಿನ ಥರ ಉಬ್ಬೋ ಡೋಮಿಂಗ್ ಚಲನೆನೂ ಅಷ್ಟೇ, ಕಬ್ಬಿಣ ರಿಂಗಿಂದ ಆಚೆ ಬರೋ ದಾರಿನೇ ಅದು. ಗೆರೆಯ ಎತ್ತರ ನೇರವಾಗಿ ಕಬ್ಬಿಣ ಎಷ್ಟು ಅಲ್ಲಾಡತ್ತೆ ಅನ್ನೋದನ್ನೇ ಹೇಳೋದ್ರಿಂದ ಡಿಎಫ್‌ಟಿ (ಕ್ವಾಂಟಮ್ ಸಿದ್ಧಾಂತದಿಂದ ಕಂಪನ ಅಂದಾಜು ಮಾಡೋ ವಿಧಾನ) ಲೆಕ್ಕದ ಪಕ್ಕ ಇಟ್ಟು ಗೆರೆಗೆ ಗೆರೆ ಹೋಲಿಸ್ಬಹುದು. ಲೆಕ್ಕ ಮೊದಲೇ ಮಾಡಿಟ್ಕೊಂಡು ಹೋಗಿ, ಎಲ್ಲಿ ಜಾಸ್ತಿ ಹೊತ್ತು ಎಣಿಸ್ಬೇಕು ಅಂತ ಅಲ್ಲೇ ಗೊತ್ತಾಗತ್ತೆ.