64 ಜಿಬಿ ಕಾರ್ಡ್ ಬರೀ 500 ಎಂಬಿ ತೋರಿಸ್ತಿದೆ, ಪೂರ್ತಿ ಜಾಗ ವಾಪಸ್ ಬರುತ್ತಾ?

ಕುಮಾರಧಾರಾ:
ನಮಸ್ಕಾರ. ನನ್ನ ಹತ್ತಿರ 64 ಜಿಬಿಯ ಮೈಕ್ರೋ ಎಸ್‌ಡಿ ಕಾರ್ಡ್ ಒಂದಿದೆ. ಇಷ್ಟು ದಿನ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿತ್ತು. ಈಗ ಅದನ್ನು ಕ್ಯಾಮೆರಾಗೆ ಹಾಕಬೇಕು, ಯಾಕೆಂದರೆ ಊರಲ್ಲಿ ಮುಂದಿನ ವಾರ ಬಯಲಾಟ ಇದೆ, ಚೌಕಿ ಪೂಜೆಯಿಂದ ಬೆಳಗಿನ ಮಂಗಳದವರೆಗೆ ರೆಕಾರ್ಡ್ ಮಾಡುವ ಆಸೆ. ಆದರೆ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿದರೆ 'ಬೂಟ್‌ಎಫ್‌ಎಸ್' ಅಂತ ಒಂದು ಡ್ರೈವ್ ಬರುತ್ತದೆ, ಅದರಲ್ಲಿ ಬರೀ 500 ಎಂಬಿ ಚಿಲ್ಲರೆ ಜಾಗ. ಜೊತೆಗೆ ಇನ್ನೊಂದು ಡ್ರೈವ್ ಕಾಣಿಸಿಕೊಂಡು ಫಾರ್ಮ್ಯಾಟ್ ಮಾಡಬೇಕಾ ಅಂತ ಕೇಳುತ್ತದೆ. ಮೊದಲನೆಯದಕ್ಕೆ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಕೊಟ್ಟೆ, ಆದರೂ ಅಷ್ಟೇ ಇದೆ. ಕ್ಯಾಮೆರಾ ಅಂತೂ ಕಾರ್ಡ್ ಎರರ್ ಅನ್ನುತ್ತಿದೆ. ಕಾರ್ಡ್ ಹೋಯ್ತಾ? ಒಳಗಿರುವುದು ಏನೂ ಬೇಡ, ಪೂರ್ತಿ ಅಳಿಸಿದರೂ ಪರವಾಗಿಲ್ಲ.

ಲಿನಕ್ಸ್‌ಪ್ರಿಯ:
ಕಾರ್ಡ್‌ಗೆ ಏನೂ ಆಗಿಲ್ಲ ಸರ್, ಹೊಸದು ತರಬೇಡಿ. ಪೈಗೆ ಓಎಸ್ ಬರೆದಾಗ ಕಾರ್ಡ್ ಎರಡು ಪಾರ್ಟಿಷನ್, ಅಂದರೆ ಎರಡು ಪ್ರತ್ಯೇಕ ಭಾಗ ಆಗುತ್ತದೆ. ಒಂದು ಬೂಟ್ ಆಗಲು ಬೇಕಾದ ಚಿಕ್ಕ ಫ್ಯಾಟ್32 ಭಾಗ. ಹಳೆಯ ಓಎಸ್‌ನಲ್ಲಿ ಅದು 256 ಎಂಬಿ ಇತ್ತು, ಈಗ 512. ಉಳಿದ ಜಾಗವೆಲ್ಲ ಇಎಕ್ಸ್‌ಟಿ4 ಎಂಬ ಲಿನಕ್ಸ್ ಫೈಲ್ ಸಿಸ್ಟಮ್ (ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ; ಫ್ಯಾಟ್32 ಕೂಡ ಅಂಥದ್ದೇ ಇನ್ನೊಂದು). ವಿಂಡೋಸ್‌ಗೆ ಅದನ್ನು ಓದಲು ಬರುವುದಿಲ್ಲ, ಅದಕ್ಕೇ ಫಾರ್ಮ್ಯಾಟ್ ಮಾಡಿ ಅಂತ ಕೇಳುವುದು. ನೀವು ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಮಾಡಿದಾಗ ಆ ಚಿಕ್ಕ ಭಾಗ ಮಾತ್ರ ಖಾಲಿಯಾಯಿತು, ಗಡಿ ಇದ್ದಲ್ಲೇ ಇದೆ. ನೀವು ತೆಗೆಯಬೇಕಾಗಿರುವುದು ಆ ಗಡಿಯನ್ನು, ಅಂದರೆ ಪಾರ್ಟಿಷನ್ ಟೇಬಲ್ ಅನ್ನು.

ಸುಲಭದ ದಾರಿ ಅಂದರೆ ಎಸ್‌ಡಿ ಅಸೋಸಿಯೇಷನ್‌ನವರೇ ಕೊಡುವ 'ಎಸ್‌ಡಿ ಮೆಮೊರಿ ಕಾರ್ಡ್ ಫಾರ್ಮ್ಯಾಟರ್'. ಉಚಿತ, ವಿಂಡೋಸ್‌ಗೂ ಇದೆ, ಮ್ಯಾಕ್‌ಗೂ ಇದೆ. ಕಾರ್ಡ್ ಆರಿಸಿ ಕ್ವಿಕ್ ಫಾರ್ಮ್ಯಾಟ್ ಕೊಡಿ, ಹಳೆಯ ಪಾರ್ಟಿಷನ್‌ಗಳು ಹೋಗಿ ಇಡೀ ಕಾರ್ಡ್ ಒಂದೇ ಆಗುತ್ತದೆ. 64 ಜಿಬಿ ಆದ್ದರಿಂದ ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಮ್‌ಗೆ ಫಾರ್ಮ್ಯಾಟ್ ಮಾಡುತ್ತದೆ, ನಿಮಗೆ ಬೇಕಾಗಿರುವುದೂ ಅದೇ.

ಅದು ಕೈಕೊಟ್ಟರೆ ವಿಂಡೋಸ್‌ನಲ್ಲೇ ಇರುವ ಡಿಸ್ಕ್‌ಪಾರ್ಟ್ ಎಂಬ ಕಮಾಂಡ್ ಇದೆ. ಆದರೆ ದಯವಿಟ್ಟು ಜೋಪಾನ. ಮೊದಲು ಬೇರೆ ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್ ಎಲ್ಲ ತೆಗೆದುಬಿಡಿ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನ್ ಆಗಿ ತೆರೆದು ಡಿಸ್ಕ್‌ಪಾರ್ಟ್ ಅಂತ ಹೊಡೆಯಿರಿ, ಆಮೇಲೆ ಲಿಸ್ಟ್ ಡಿಸ್ಕ್. ಸೈಜ್ ನೋಡಿ, 59 ಜಿಬಿ ಆಸುಪಾಸು ಇರುವುದೇ ಕಾರ್ಡ್. ಅದರ ನಂಬರ್ 2 ಆಗಿದ್ದರೆ ಸೆಲೆಕ್ಟ್ ಡಿಸ್ಕ್ 2. ಇಲ್ಲಿ ಮತ್ತೊಮ್ಮೆ ಲಿಸ್ಟ್ ಡಿಸ್ಕ್ ಹೊಡೆದು ನಕ್ಷತ್ರದ ಗುರುತು ಸರಿಯಾದ ಸಾಲಿನ ಮುಂದಿದೆಯಾ ನೋಡಿಕೊಳ್ಳಿ, ಯಾಕೆಂದರೆ ಮುಂದಿನ ಕಮಾಂಡ್ ಕ್ಲೀನ್, ಅದು 'ಖಂಡಿತಾನಾ' ಅಂತ ಒಂದು ಮಾತೂ ಕೇಳುವುದಿಲ್ಲ, ನಂಬರ್ ತಪ್ಪಿದರೆ ಇನ್ನೊಂದು ಡಿಸ್ಕ್‌ನ ಪಾರ್ಟಿಷನ್‌ಗಳೇ ಹೋಗುತ್ತವೆ. ನಂತರ ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ, ಕೊನೆಗೆ ಫಾರ್ಮ್ಯಾಟ್ ಎಫ್‌ಎಸ್=ಎಕ್ಸ್‌ಫ್ಯಾಟ್ ಕ್ವಿಕ್. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.

ಚಿತ್ರಶಾಲೆ:
ಮೇಲಿನದು ಸರಿ. ನಾನು ಮದುವೆ ವಿಡಿಯೋ ಮಾಡುವವನು, ಒಂದು ಮಾತು ಸೇರಿಸುತ್ತೇನೆ. ಕಂಪ್ಯೂಟರ್‌ನಲ್ಲಿ ಜಾಗ ಸರಿಮಾಡಿದ ಮೇಲೆ ಕಾರ್ಡನ್ನು ಕ್ಯಾಮೆರಾದೊಳಗೆ ಹಾಕಿ ಅಲ್ಲೂ ಒಮ್ಮೆ ಫಾರ್ಮ್ಯಾಟ್ ಮಾಡಿ. ಕ್ಯಾಮೆರಾ ತನಗೆ ಬೇಕಾದ ಫೋಲ್ಡರ್‌ಗಳನ್ನು ಆಗ ತಾನೇ ಮಾಡಿಕೊಳ್ಳುತ್ತದೆ. ಪೈಗೆ ಓಎಸ್ ಬರೆಯುವ ತಂತ್ರಾಂಶವಾದ ಪೈ ಇಮೇಜರ್‌ನಲ್ಲೂ ಎರೇಸ್ ಅಂತ ಆಯ್ಕೆ ಇದೆ, ಆದರೆ ಅದು ಫ್ಯಾಟ್32 ಮಾಡುತ್ತದೆ. ಫ್ಯಾಟ್32ನಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ, ರಾತ್ರಿಯಿಡೀ ರೆಕಾರ್ಡ್ ಮಾಡುವಾಗ ಫೈಲ್ ತುಂಡು ತುಂಡಾಗುತ್ತದೆ. ಎಕ್ಸ್‌ಫ್ಯಾಟ್‌ಗೆ ಆ ಮಿತಿ ಇಲ್ಲ, ಆದರೂ ಕೆಲವು ಕ್ಯಾಮೆರಾಗಳು ತಾವಾಗಿಯೇ ತುಂಡು ಮಾಡುತ್ತವೆ, ಅದು ಬೇರೆ ವಿಷಯ.

ಇನ್ನೊಂದು, 64 ಜಿಬಿಯಲ್ಲಿ ಕ್ಯಾಮೆರಾದ ವಿಡಿಯೋ ಗುಣಮಟ್ಟವನ್ನು 17 ಎಂಬಿಪಿಎಸ್‌ಗೆ (ಸೆಕೆಂಡಿಗೆ 17 ಮೆಗಾಬಿಟ್) ಇಟ್ಟರೆ ಸುಮಾರು 8 ಗಂಟೆ ಹಿಡಿಯುತ್ತದೆ, 24 ಇಟ್ಟರೆ 6 ಗಂಟೆಗೂ ಸ್ವಲ್ಪ ಕಮ್ಮಿ. ರಂಗಸ್ಥಳದಲ್ಲಿ ಬೆಳಕು ಚೆನ್ನಾಗಿದ್ದರೆ 17 ಸಾಕು ಅನಿಸುತ್ತದೆ. ಬ್ಯಾಟರಿ ಬದಲಾಯಿಸುವ ಹೊತ್ತನ್ನು ಭಾಗವತರು ಬದಲಾಗುವ ಹೊತ್ತಿಗೆ ಹೊಂದಿಸಿಕೊಳ್ಳಿ.

ಸಾವಿತ್ರಿ ಧಾರವಾಡ:
ಇಲ್ಲೇ ನನ್ನದೂ ಒಂದು ಪ್ರಶ್ನೆ ಕೇಳಲಾ? ನನ್ನ ಕಾರ್ಡ್ ಪೈಗೆ ಹಾಕಿದ್ದಲ್ಲ, ಫೋನಿನಲ್ಲಿದ್ದದ್ದು. ಕಂಪ್ಯೂಟರ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ 16 ಎಂಬಿಯ ಒಂದು ಚೂರು, ಉಳಿದದ್ದು ಏನೋ ಗೊತ್ತಿಲ್ಲದ ಪಾರ್ಟಿಷನ್. ಫೋಟೋ ಎಲ್ಲ ಅದರಲ್ಲೇ ಇವೆ. ಇದಕ್ಕೂ ಕ್ಲೀನ್ ಮಾಡಬಹುದಾ?

ಲಿನಕ್ಸ್‌ಪ್ರಿಯ:
ಬೇಡ ಮೇಡಂ, ಸದ್ಯ ಏನೂ ಮಾಡಬೇಡಿ! ಫೋನಿನಲ್ಲಿ ಕಾರ್ಡನ್ನು ಇಂಟರ್ನಲ್ ಸ್ಟೋರೇಜ್ ಅಂತ ಫಾರ್ಮ್ಯಾಟ್ ಮಾಡಿದರೆ ಹೀಗೇ ಕಾಣುತ್ತದೆ. ಆಂಡ್ರಾಯ್ಡ್ 6ರಿಂದ ಬಂದ ಸೌಲಭ್ಯ ಇದು. ಆ ದೊಡ್ಡ ಭಾಗ ಎನ್‌ಕ್ರಿಪ್ಟ್ ಆಗಿದೆ, ಅಂದರೆ ಬೇರೆಯವರು ಓದದಂತೆ ಬೀಗ ಬಿದ್ದಿದೆ, ಅದರ ಕೀ ನಿಮ್ಮ ಫೋನಿನೊಳಗೆ ಮಾತ್ರ ಇದೆ. ಆ ಫೋನ್ ಇನ್ನೂ ನಡೆಯುತ್ತಿದ್ದರೆ ಕಾರ್ಡನ್ನು ವಾಪಸ್ ಅದಕ್ಕೇ ಹಾಕಿ, ಫೋಟೋಗಳನ್ನು ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ತೆಗೆದುಕೊಳ್ಳಿ, ತೆರೆದು ನೋಡಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಪೋರ್ಟಬಲ್ ಅಂತ ಫಾರ್ಮ್ಯಾಟ್ ಮಾಡಿದರೆ ಪೂರ್ತಿ ಜಾಗ ಬರುತ್ತದೆ. ಅಲ್ಲಿಯವರೆಗೆ ಫೋನ್ ಫ್ಯಾಕ್ಟರಿ ರೀಸೆಟ್ ಅಂತೂ ಮಾಡಲೇಬೇಡಿ, ಕೀ ಹೋದರೆ ಫೋಟೋಗಳೂ ಹೋದ ಹಾಗೆ.

ಚಿತ್ರಶಾಲೆ:
ಫಾರ್ಮ್ಯಾಟ್‌ನಿಂದ ಸರಿಹೋಗದ ಎರಡು ಸಂದರ್ಭಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಫಾರ್ಮ್ಯಾಟ್ ಆಯಿತು ಅಂತ ಬರುತ್ತದೆ, ಕಾರ್ಡ್ ತೆಗೆದು ಮತ್ತೆ ಹಾಕಿದರೆ ಹಳೆಯ ಫೈಲ್‌ಗಳೆಲ್ಲ ಹಾಗೇ ಇರುತ್ತವೆ. ಅಡಾಪ್ಟರ್ ಪಕ್ಕದ ಲಾಕ್ ಸರಿಯಿದ್ದೂ ಹೀಗಾದರೆ ಕಾರ್ಡ್‌ನ ಆಯಸ್ಸು ಮುಗಿದಿದೆ, ಇರುವುದನ್ನು ನಕಲು ಮಾಡಿಕೊಂಡು ಬಿಟ್ಟುಬಿಡಿ. ಎರಡನೆಯದು ನಕಲಿ ಕಾರ್ಡ್. ಮೇಲೆ 512 ಜಿಬಿ ಅಂತ ಬರೆದಿರುತ್ತದೆ, ಕಂಪ್ಯೂಟರ್‌ಗೂ ಅಷ್ಟೇ ಹೇಳುತ್ತದೆ, ಒಳಗಿನ ಚಿಪ್ ಮಾತ್ರ ತುಂಬಾ ಚಿಕ್ಕದು. ಅದು ತುಂಬಿದ ಮೇಲೆ ಬರೆದದ್ದೆಲ್ಲ ಹಾಳು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಇವೆ. ಕಾರ್ಡ್ ಪೂರ್ತಿ ಬರೆದು, ಮತ್ತೆ ಓದಿ, ನಿಜವಾದ ಸೈಜ್ ಹೇಳುತ್ತವೆ. ಹೊಸ ಕಾರ್ಡ್ ಬಂದ ದಿನವೇ ಓಡಿಸಿ, ಹಿಂತಿರುಗಿಸುವ ಗಡುವು ಮುಗಿಯುವ ಮೊದಲು.

ಕುಮಾರಧಾರಾ:
ಎಸ್‌ಡಿ ಫಾರ್ಮ್ಯಾಟರ್‌ನಲ್ಲೇ ಆಯ್ತು, ಡಿಸ್ಕ್‌ಪಾರ್ಟ್ ಬೇಕಾಗಲಿಲ್ಲ. ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಈಗ 59 ಜಿಬಿ ಚಿಲ್ಲರೆ ತೋರಿಸುತ್ತಿದೆ. ಉಳಿದ 4 ಜಿಬಿ ಎಲ್ಲಿ ಹೋಯ್ತು, ಅದನ್ನೂ ವಾಪಸ್ ತರಬಹುದಾ? ಮತ್ತೆ, ಆಟ ಮುಗಿದ ಮೇಲೆ ಈ ಕಾರ್ಡನ್ನು ಒಬ್ಬರಿಗೆ ಕೊಡಬೇಕು, ಕ್ವಿಕ್ ಫಾರ್ಮ್ಯಾಟ್ ಸಾಕಾ?

ಲಿನಕ್ಸ್‌ಪ್ರಿಯ:
ಅದು ಎಲ್ಲೂ ಹೋಗಿಲ್ಲ ಸರ್. ಕಂಪನಿಯವರು 1 ಜಿಬಿ ಅಂದರೆ ನೂರು ಕೋಟಿ ಬೈಟ್ ಅಂತ ಲೆಕ್ಕ ಹಾಕುತ್ತಾರೆ, ವಿಂಡೋಸ್ 107 ಕೋಟಿ ಚಿಲ್ಲರೆಗೆ 1 ಜಿಬಿ ಅನ್ನುತ್ತದೆ. 64ನ್ನು ಆ ಲೆಕ್ಕದಲ್ಲಿ ಭಾಗಿಸಿದರೆ 59.6 ಬರುತ್ತದೆ. ನಿಮ್ಮ ಕಾರ್ಡ್ ಪೂರ್ತಿ ಬಂದಿದೆ.

ಬೇರೆಯವರಿಗೆ ಕೊಡಲು ಕ್ವಿಕ್ ಸಾಲದು. ಅದು ಫೈಲ್‌ಗಳ ಪಟ್ಟಿ ಮಾತ್ರ ಅಳಿಸುತ್ತದೆ, ಫೋಟೋರೆಕ್‌ನಂಥ ತಂತ್ರಾಂಶದಿಂದ ಫೋಟೋ, ವಿಡಿಯೋ ಮತ್ತೆ ತೆಗೆಯಬಹುದು. ಅದೇ ಫಾರ್ಮ್ಯಾಟರ್‌ನಲ್ಲಿ ಓವರ್‌ರೈಟ್ ಅಂತ ಇದೆ, ಅದನ್ನು ಕೊಟ್ಟು ಮಲಗಿ, ಹೊತ್ತು ಹಿಡಿಯುತ್ತದೆ. ಡಿಸ್ಕ್‌ಪಾರ್ಟ್‌ನಲ್ಲಾದರೆ ಕ್ಲೀನ್ ಆಲ್. ಸುಮ್ನೆ ಪದೇ ಪದೇ ಮಾಡಬೇಡಿ, ಕಾರ್ಡ್‌ಗೆ ಬರೆಯುವ ಶಕ್ತಿಗೂ ಮಿತಿ ಇದೆ. ಆಧಾರ್ ಪ್ರತಿ, ಬ್ಯಾಂಕ್ ಕಾಗದದ ಫೋಟೋ ಏನಾದರೂ ಇದ್ದ ಕಾರ್ಡ್ ಆದರೆ ಯಾರಿಗೂ ಕೊಡದಿರುವುದೇ ಒಳ್ಳೆಯದು, ಕಾರ್ಡ್‌ನೊಳಗೆ ನಮಗೆ ಕಾಣದ ಮೀಸಲು ಜಾಗವೂ ಇರುತ್ತದೆ, ಅಲ್ಲಿ ಉಳಿದದ್ದನ್ನು ಓವರ್‌ರೈಟ್ ಕೂಡ ಮುಟ್ಟದೇ ಇರಬಹುದು.

ಸಾವಿತ್ರಿ ಧಾರವಾಡ:
ಹಳೆಯ ಫೋನಿಗೆ ಚಾರ್ಜ್ ಹಾಕಿ ಕಾರ್ಡ್ ಹಾಕಿದೆ, ಫೋಟೋ ಎಲ್ಲ ಕಾಣುತ್ತಿವೆ! ಕಾಪಿ ಆಗ್ತಾ ಇದೆ. ಕ್ಲೀನ್ ಮಾಡುವ ಮೊದಲು ಕೇಳಿದ್ದು ಒಳ್ಳೆಯದಾಯ್ತು ನೋಡ್ರಿ.