ಡಿ2 ಟ್ರೇಸರ್ ಬೆಂಗಳೂರಿನಿಂದ ಹಾಸನಕ್ಕೆ: ಕಾರ್ಬನ್-11 ಬಿಟ್ಟರೆ ಯಾವುದು?

ಹೇಮಾವತಿ ದಂಡೆ
ಮಿದುಳಿನ ಡೋಪಮೈನ್ ಡಿ2 ರಿಸೆಪ್ಟರ್ ಪೆಟ್ ಸ್ಕ್ಯಾನ್‌ನಲ್ಲಿ ನೋಡಲು ಚುಚ್ಚುವ ಟ್ರೇಸರ್ (ವಿಕಿರಣ ಸೂಸುವ ಗುರುತುವಸ್ತು) ಅಂದರೆ ಪುಸ್ತಕದಲ್ಲೆಲ್ಲ ಕಾರ್ಬನ್-11 ರಾಕ್ಲೋಪ್ರೈಡ್‌ದೇ ಮಾತು. ವಿಕಿರಣ ಪರಮಾಣು ತಯಾರಿಸುವ ಸೈಕ್ಲೋಟ್ರಾನ್ ಬೆಂಗಳೂರಲ್ಲಿ, ಪೆಟ್ ಸ್ಕ್ಯಾನರ್ ಹಾಸನದಲ್ಲಿ ಅಂತಿಟ್ಟುಕೊಳ್ಳಿ. ಪ್ಯಾಕಿಂಗ್ ಸೇರಿ 4 ಗಂಟೆ. ಅದೇ ಅಣುವಿಗೆ ಫ್ಲೋರಿನ್-18 ಕೂರಿಸಿದರೆ ಆಗುತ್ತಾ? ಎಷ್ಟು ಕಳಿಸಬೇಕು?

ಬಿಸಿಕೋಣೆ
ಕಾರ್ಬನ್-11ರ ಅರ್ಧಾಯು 20.4 ನಿಮಿಷ. 4 ಗಂಟೆಗೆ ಉಳಿಯುವುದು ಸುಮಾರು 3,500ರಲ್ಲಿ ಒಂದು ಪಾಲು, ಆ ಯೋಚನೆ ಬಿಡಿ. ಫ್ಲೋರಿನ್-18ರದ್ದು 109.8 ನಿಮಿಷ, 22% ಉಳಿಯುತ್ತದೆ. 185 ಮೆಗಾಬೆಕರೆಲ್ ಚುಚ್ಚಬೇಕಾದರೆ ಸುಮಾರು 840 ಹೊರಡಿಸಬೇಕು.

ರಾಕ್ಲೋಪ್ರೈಡ್‌ನಲ್ಲಿ ಫ್ಲೋರಿನ್ ಇಲ್ಲ. ಕೂರಿಸಿದರೆ ಅದು ಬೇರೆಯೇ ಅಣು. ಬಂಧನಶಕ್ತಿ, ಕೊಬ್ಬಿನಲ್ಲಿ ಕರಗುವ ಗುಣ, ಪಿ-ಗ್ಲೈಕೋಪ್ರೋಟೀನ್ (ಪಂಪ್‌ನಂಥ ಪ್ರೋಟೀನ್) ಅದನ್ನು ಮಿದುಳಿನಿಂದ ಹೊರದಬ್ಬುತ್ತದೋ ಎಂಬುದು, ಎಲ್ಲ ಹೊಸದಾಗಿ ಅಳೆಯಬೇಕು. ಡಿ2ವನ್ನೇ ಹಿಡಿಯುವ ಇನ್ನೊಂದು ಅಣು ಫಾಲಿಪ್ರೈಡ್‌ನಲ್ಲಿ ಫ್ಲೋರಿನ್ ಮೊದಲೇ ಇದೆ. ಸಾಮಾನ್ಯ ಫ್ಲೋರಿನ್-19ರ ಜಾಗಕ್ಕೆ ವಿಕಿರಣದ 18 ಬಂದರೆ ಅಣು ಬದಲಾಗದು.

ಮರೆತುಹೋಗುವ ಲೆಕ್ಕ ಇನ್ನೊಂದಿದೆ. ದಾರಿಯಲ್ಲಿ ವಿಕಿರಣ ಕರಗುತ್ತದೆ, ಜೊತೆಗಿರುವ ವಿಕಿರಣವಿಲ್ಲದ ಫಾಲಿಪ್ರೈಡ್ ಕರಗುವುದಿಲ್ಲ. ಹೊರಡುವಾಗ ಮೈಕ್ರೋಮೋಲಿಗೆ 37 ಗಿಗಾಬೆಕರೆಲ್ ಇದ್ದರೆ 185 ಮೆಗಾಬೆಕರೆಲ್‌ನ ಡೋಸಿನಲ್ಲಿ 5 ನ್ಯಾನೋಮೋಲ್ ಇರುತ್ತದೆ. ಹಾಸನದಲ್ಲಿ ಅಷ್ಟೇ ಡೋಸಿಗೆ ಸುಮಾರು 23. ಇಷ್ಟು ಬಿಗಿಯಾಗಿ ಕಚ್ಚುವ ಅಣು ತಾನೇ ರಿಸೆಪ್ಟರ್‌ಗಳನ್ನು ತುಂಬಿಕೊಂಡರೆ ಅಳತೆ ಕೆಡುತ್ತದೆ. ಹಾಗಾಗಿ ಬರೀ ಮೆಗಾಬೆಕರೆಲ್ ಕೇಳಬೇಡಿ, ಮೋಲಾರ್ ಆಕ್ಟಿವಿಟಿಯನ್ನೂ (ಒಂದು ಮೋಲ್ ವಸ್ತುವಿಗೆ ಎಷ್ಟು ವಿಕಿರಣ ಎಂಬುದನ್ನು) ಯಾವ ಗಳಿಗೆಯದು ಅಂತ ಸೇರಿಸಿ ಕೇಳಿ.

ಕಾಫಿನಾಡು
ಚಿಕ್ಕಮಗಳೂರಿಗಾದರೆ 5 ಗಂಟೆ ಹಿಡಿಯಿರಿ, 15% ಮಾತ್ರ.

ತಯಾರಿಯಲ್ಲಿ ಎಡವುವುದು ಹೆಚ್ಚಾಗಿ ಒಣಗಿಸುವಾಗ. ಫ್ಲೋರೈಡ್ ಹಿಡಿದಿಡುವ ಕ್ಯುಎಂಎ ಕಾರ್ಟ್ರಿಜ್‌ನಿಂದ ಕ್ರಿಪ್ಟೋಫಿಕ್ಸ್ (ಪೊಟ್ಯಾಸಿಯಂ ಅನ್ನು ಸುತ್ತಿ ಹಿಡಿಯುವ ವಸ್ತು), ಪೊಟ್ಯಾಸಿಯಂ ಕಾರ್ಬೋನೇಟ್ ದ್ರಾವಣದಲ್ಲಿ ಫ್ಲೋರೈಡ್ ಇಳಿಸಿ, ಅಸಿಟೋನೈಟ್ರೈಲ್ ಹಾಕಿ ಸಾರಜನಕದಡಿ ಎರಡು ಮೂರು ಸಲ ಒಣಗಿಸಿ. ತೇವ ಉಳಿದರೆ ನೀರು ಫ್ಲೋರೈಡನ್ನು ಸುತ್ತಿಕೊಂಡು ಪ್ರತಿಕ್ರಿಯೆಗೆ ಬಿಡದು. ಕಾರ್ಬೋನೇಟ್ ಹೆಚ್ಚಾದರೆ ಫ್ಲೋರೈಡ್ ಕೂರಬೇಕಾದ ಟಾಸಿಲೇಟ್ ಪೂರ್ವವಸ್ತುವೇ ಒಡೆಯುತ್ತದೆ. ಇಳುವರಿ ಕಮ್ಮಿ ಅಂತ ಕಾರ್ಬೋನೇಟ್ ಏರಿಸಿದರೆ ಇನ್ನೂ ಕೆಡುತ್ತದೆ. ಟೆಫ್ಲಾನ್ ಕೊಳವೆಯಿಂದಲೂ ವಿಕಿರಣವಿಲ್ಲದ ಫ್ಲೋರೈಡ್ ಬಿಟ್ಟುಕೊಂಡು ಮೋಲಾರ್ ಆಕ್ಟಿವಿಟಿ ತಗ್ಗಬಹುದು.

ಹೇಮಾವತಿ ದಂಡೆ
ಸ್ಕ್ಯಾನ್ ಎಷ್ಟು ಹೊತ್ತು?

ಬಿಸಿಕೋಣೆ
ಅದೇ ಫಾಲಿಪ್ರೈಡ್‌ನ ತಲೆನೋವು. ಥಲಾಮಸ್, ಕಾರ್ಟೆಕ್ಸ್ ಬೇಗ ಸಮತೋಲಕ್ಕೆ ಬರುತ್ತವೆ. ರಿಸೆಪ್ಟರ್ ದಟ್ಟವಾಗಿರುವ ಮಿದುಳಿನ ಒಳಭಾಗ ಸ್ಟ್ರಯಾಟಮ್‌ಗೆ 2 ಗಂಟೆಗೂ ಮೇಲೆ ಬೇಕು. ನಡುವೆ ಒಮ್ಮೆ ಎಬ್ಬಿಸಿ ಮತ್ತೆ ಮಲಗಿಸಿದರೆ ತಲೆಯ ಸ್ಥಾನ ಸರಿಹೊಂದಿಸಿಕೊಳ್ಳಿ. ಮನೋರೋಗದ ಮಾತ್ರೆಗಳಷ್ಟೇ ಅಲ್ಲ, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಕೂಡ ಡಿ2ವನ್ನೇ ಹಿಡಿಯುತ್ತದೆ, ರೋಗಿ ಅಂಥದ್ದು ತೆಗೆದುಕೊಂಡಿದ್ದಾರಾ ಅಂತ ಕೇಳಿ ತಿಳಿದುಕೊಳ್ಳಿ.